‘ಏನಿಲ್ಲ, ಸ್ವಲ್ಪ ಸುಸ್ತು’ ಎನ್ನುವ ಮುನ್ನ

ರಾತ್ರಿ ಮಗುವಿನ ಮೈ ಬಿಸಿಯಾದರೆ ಅದು ಮೊದಲು ಗೊತ್ತಾಗುವುದು ತಾಯಿಗೆ. ಪತಿ ಎರಡು ದಿನ ಸರಿಯಾಗಿ ಊಟ ಮಾಡದಿದ್ದರೆ, ಅತ್ತೆಯ ಕಾಲು ಊದಿಕೊಂಡರೆ, ಮಾವನ ಬಿಪಿ ಮಾತ್ರೆ ಮುಗಿಯುತ್ತಾ ಬಂದರೆ ಗಮನಿಸುವವಳೂ ಅವಳೇ. ಆದರೆ ಅದೇ ಮಹಿಳೆಗೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ, ಮೂತ್ರ ಮಾಡುವಾಗ ಉರಿದರೆ, ಎದೆಯಲ್ಲಿ ಸಣ್ಣ ಗಂಟೊಂದು ಕೈಗೆ ಸಿಕ್ಕರೆ ಉತ್ತರ ಸಿದ್ಧವಾಗಿರುತ್ತದೆ: “ಏನಿಲ್ಲ ಬಿಡಿ.” ನಾದಿನಿಯ ಮದುವೆ ಮುಗಿಯಲಿ, ಮಕ್ಕಳ ಪರೀಕ್ಷೆ ಮುಗಿಯಲಿ, ರಮಝಾನ್ ಕಳೆಯಲಿ ಎಂದು ವೈದ್ಯರ ಭೇಟಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಹೀಗೆ ಮುಂದೂಡಿದ ಎಲ್ಲ ತೊಂದರೆಗಳೂ ದೊಡ್ಡ ಕಾಯಿಲೆಗಳಲ್ಲ, ನಿಜ. ಹೆಚ್ಚಿನವು ತಾವಾಗಿಯೇ ಕಡಿಮೆಯಾಗುತ್ತವೆ. ಸಣ್ಣ ತಲೆನೋವಿಗೂ ಆಸ್ಪತ್ರೆಗೆ ಓಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಕಾಯಬಹುದಾದದ್ದು ಯಾವುದು, ಕಾಯಬಾರದ್ದು ಯಾವುದು ಎಂದು ತಿಳಿದಿರಬೇಕು. ಇದನ್ನು ತಿಳಿಯಲು ವೈದ್ಯಕೀಯ ಓದಬೇಕಾಗಿಲ್ಲ. ಯಾವುದೇ ತೊಂದರೆ ಕಾಣಿಸಿಕೊಂಡಾಗ ನಿಮ್ಮಲ್ಲೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಎಷ್ಟು ದಿನದಿಂದ ಇದೆ? ಕಡಿಮೆಯಾಗುತ್ತಿದೆಯೋ, ಹೆಚ್ಚಾಗುತ್ತಿದೆಯೋ? ಇದರ ಜೊತೆಗೆ ಬೇರೇನಾದರೂ ಇದೆಯೇ? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಕೆಲವು ಮಾತುಗಳನ್ನು ನೋಡೋಣ.

“ಯಾಕೋ ಸುಸ್ತು”

ಮನೆ ತುಂಬ ಕೆಲಸ ಮಾಡಿದ ದಿನ ಸುಸ್ತಾಗುವುದು ಸಹಜ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಅದು ಹೋಗಬೇಕು. ಬೆಳಿಗ್ಗೆ ಎದ್ದಾಗಲೂ ಮೈ ಭಾರ, ಎರಡು ಮೂರು ವಾರವಾದರೂ ಅದೇ ಸ್ಥಿತಿ ಎಂದಾದರೆ ಅದು ಕೆಲಸದ ದಣಿವಲ್ಲ.

ನಮ್ಮಲ್ಲಿ ಇದಕ್ಕೆ ಅತಿ ಸಾಮಾನ್ಯ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಇದು ಸುಮಾರು ಶೇ. 48. ಅಂದರೆ ಮನೆಯಲ್ಲಿ ಇಬ್ಬರು ಮಹಿಳೆಯರಿದ್ದರೆ ಹೆಚ್ಚು ಕಡಿಮೆ ಒಬ್ಬರಿಗೆ! ಇಷ್ಟು ಸಾಮಾನ್ಯವಾಗಿರುವುದರಿಂದಲೇ ನಾವು ಇದನ್ನು ಕಾಯಿಲೆ ಎಂದು ಪರಿಗಣಿಸುವುದಿಲ್ಲ.

ಕನ್ನಡಿಯ ಮುಂದೆ ನಿಂತು ಕೆಳಗಿನ ರೆಪ್ಪೆಯನ್ನು ಸ್ವಲ್ಪ ಕೆಳಕ್ಕೆ ಎಳೆದು ನೋಡಿ. ಒಳಭಾಗ ಕೆಂಪಾಗಿರಬೇಕು. ಅದು ಬಿಳಿಚಿಕೊಂಡಿದ್ದರೆ, ನಾಲಿಗೆ ಮತ್ತು ಉಗುರು ಕೂಡ ಪೇಲವವಾಗಿದ್ದರೆ, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ ಹೊಡೆದುಕೊಂಡರೆ, ಕೂದಲು ಉದುರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಕೆಲವರಿಗೆ ಹಸಿ ಅಕ್ಕಿ, ಸುಣ್ಣದ ಬಳಪ, ಮಣ್ಣು ತಿನ್ನಬೇಕೆಂಬ ಆಸೆ ಹುಟ್ಟುತ್ತದೆ. ಅಡುಗೆ ಮಾಡುವಾಗ ಮುಷ್ಟಿ ಹಸಿ ಅಕ್ಕಿ ಬಾಯಿಗೆ ಹಾಕುವುದು ಬರೀ ಚಟವಲ್ಲ, ಕಬ್ಬಿಣದ ಕೊರತೆಯ ಲಕ್ಷಣವೂ ಆಗಿರಬಹುದು.

ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಂ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆ ಇರಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆಯೂ ಕಬ್ಬಿಣದ ಮಾತ್ರೆಯೂ ಉಚಿತ. ಮಾತ್ರೆ ತೆಗೆದುಕೊಂಡಾಗ ಮಲ ಕಪ್ಪಾಗುತ್ತದೆ, ಹೆದರಬೇಕಾಗಿಲ್ಲ. ಊಟದ ಜೊತೆಗೇ ಚಹಾ ಕುಡಿಯುವ ಅಭ್ಯಾಸ ಬಿಡಿ. ಚಹಾವು ಆಹಾರದ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಬದಲಿಗೆ ಲಿಂಬೆ ಹಣ್ಣಿನ ಪಾನಕ ಒಳ್ಳೆಯದು. ಮೈಗೆ ಸ್ವಲ್ಪ ಚೈತನ್ಯ ಬಂದ ಕೂಡಲೇ ಮಾತ್ರೆ ನಿಲ್ಲಿಸುವುದು ನಾವು ಮಾಡುವ ದೊಡ್ಡ ತಪ್ಪು. ರಕ್ತ ಸರಿಯಾದ ಮೇಲೂ ದೇಹದ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಬೇಕು. ಮಾತ್ರೆಯ ಜೊತೆಗೆ ರಕ್ತ ಎಲ್ಲಿ ಸೋರಿ ಹೋಗುತ್ತಿದೆ ಎಂಬುದನ್ನೂ ವೈದ್ಯರು ಕಂಡುಹಿಡಿಯಬೇಕು. ಹೆಚ್ಚು ಮುಟ್ಟಿನ ಸ್ರಾವ, ಅಂತರವಿಲ್ಲದ ಹೆರಿಗೆಗಳು, ಕೊಕ್ಕೆ ಹುಳು, ಮೂಲವ್ಯಾಧಿ- ಕಾರಣ ಯಾವುದೂ ಆಗಿರಬಹುದು.

ಸುಸ್ತಿನ ಜೊತೆಗೆ ಊಟ ಹೆಚ್ಚಿಸದೆಯೇ ತೂಕ ಏರುವುದು, ಎಲ್ಲರಿಗೂ ಸೆಕೆಯಾಗುವಾಗ ನಿಮಗೆ ಮಾತ್ರ ಚಳಿಯಾಗುವುದು, ಮಲಬದ್ಧತೆ, ಒಣ ಚರ್ಮ, ಒಡೆದ ಧ್ವನಿ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಇದರ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಬಿಟ್ಟು ಚಹಾ, ತಿಂಡಿ ಸೇವಿಸಬೇಕು. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಾಲ್ಕು ಗಂಟೆಯ ಅಂತರ ಇರಲಿ.

ಸುಸ್ತಿನ ಜೊತೆಗೆ ವಿಪರೀತ ಬಾಯಾರಿಕೆ, ರಾತ್ರಿ ಹಲವು ಸಲ ಮೂತ್ರಕ್ಕೆ ಏಳುವುದು, ಗುಪ್ತಾಂಗದಲ್ಲಿ ಮತ್ತೆ ಮತ್ತೆ ತುರಿಕೆ, ಬೇಗ ಮಾಯದ ಗಾಯ ಇದ್ದರೆ ಸಕ್ಕರೆ ಕಾಯಿಲೆಯನ್ನು ಸಂಶಯಿಸಬೇಕು. ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ ಅಂಶ 126 ಅಥವಾ ಅದಕ್ಕಿಂತ ಹೆಚ್ಚು ಎಂದು ಎರಡು ಬಾರಿ ಬಂದರೆ ಅದು ಮಧುಮೇಹ. ಬಸಿರಿನಲ್ಲಿ ಸಕ್ಕರೆ ಏರಿ ಹೆರಿಗೆಯ ನಂತರ ಇಳಿದವರು ಅಲ್ಲಿಗೇ ಮರೆಯಬಾರದು. ಮುಂದೆ ಮಧುಮೇಹ ಬರುವ ಸಾಧ್ಯತೆ ಅವರಿಗೆ ಹೆಚ್ಚು. ಹೆರಿಗೆಯ ಸುಮಾರು ಆರು ವಾರದ ಬಳಿಕ ಒಮ್ಮೆ, ಆಮೇಲೆ ನಿಯಮಿತವಾಗಿ ಪರೀಕ್ಷೆ ಬೇಕು.

ಇಡೀ ಮೈ ನೋವು, ನೆಲದಿಂದ ಏಳಲು ಕಷ್ಟ, ಸೊಂಟ ಮತ್ತು ತೊಡೆಗಳಲ್ಲಿ ಬಲವಿಲ್ಲ ಎನ್ನುವವರಲ್ಲಿ ಡಿ ಜೀವಸತ್ವದ ಕೊರತೆ ಇರಬಹುದು. ದಿನವಿಡೀ ಮನೆಯೊಳಗೇ ಇರುವವರಿಗೆ ಬಿಸಿಲು ಸಿಗುವುದು ಕಡಿಮೆ. ಹಿತ್ತಲಲ್ಲೋ ಟೆರೇಸಿನಲ್ಲೋ ಮರೆಯಿರುವ ಕಡೆ ಕೈಕಾಲಿಗೆ ಸ್ವಲ್ಪ ಬಿಸಿಲು ತಾಗಿಸಿಕೊಳ್ಳಲು ಸಾಧ್ಯವಿದೆ.

“ಸ್ವಲ್ಪ ಉರಿ, ಬಾರ್ಲಿ ನೀರು ಕುಡಿದರೆ ಸಾಕು”

ಮಹಿಳೆಯರ ಮೂತ್ರನಾಳ ಬಹಳ ಚಿಕ್ಕದು. ಆದ್ದರಿಂದ ರೋಗಾಣುಗಳು ಮೂತ್ರಕೋಶವನ್ನು ಸುಲಭವಾಗಿ ತಲುಪುತ್ತವೆ. ಪ್ರಯಾಣದಲ್ಲಿ, ಮದುವೆ ಹಾಲ್‌ನಲ್ಲಿ ಶೌಚಾಲಯ ಚೆನ್ನಾಗಿರುವುದಿಲ್ಲವೆಂದು ನೀರನ್ನೇ ಕುಡಿಯದೆ, ಗಂಟೆಗಟ್ಟಲೆ ಮೂತ್ರ ತಡೆದುಕೊಳ್ಳುವವರು ನಮ್ಮಲ್ಲಿ ಎಷ್ಟೊಂದು ಮಂದಿ! ಉರಿ, ಮತ್ತೆ ಮತ್ತೆ ಹೋಗಬೇಕೆನಿಸುವುದು, ಕಿಬ್ಬೊಟ್ಟೆ ನೋವು ಮೂತ್ರದ ಸೋಂಕಿನ ಲಕ್ಷಣಗಳು.

ಒಂದು ದಿನ ಚೆನ್ನಾಗಿ ನೀರು ಕುಡಿದು ನೋಡಬಹುದು. ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿ. ಚಳಿ ಜ್ವರ, ಬೆನ್ನಿನ ಪಕ್ಕದಲ್ಲಿ ಪಕ್ಕೆಲುಬಿನ ಕೆಳಗೆ ನೋವು, ವಾಂತಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಅದೇ ದಿನ ಹೋಗಬೇಕು. ಸೋಂಕು ಕಿಡ್ನಿಗೆ ಏರಿರುವ ಸೂಚನೆಯದು. ಗರ್ಭಿಣಿಯರು ಮತ್ತು ಮಧುಮೇಹ ಇರುವವರು ಒಂದು ದಿನವೂ ಕಾಯಬಾರದು. ಕಳೆದ ಸಲ ಕೊಟ್ಟ ಮಾತ್ರೆಯ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗುವುದು, ಎರಡು ದಿನದಲ್ಲಿ ಉರಿ ಹೋಯಿತೆಂದು ಕೋರ್ಸನ್ನು ಅರ್ಧಕ್ಕೆ ಬಿಡುವುದು ಎರಡೂ ಅಪಾಯ. ಹೀಗೆ ಮಾಡಿದರೆ ಮುಂದೆ ಔಷಧಿ ನಾಟುವುದೇ ಇಲ್ಲ.

ಬಿಳಿ ಸ್ರಾವದ ಬಗ್ಗೆಯೂ ಬಹಳ ತಪ್ಪು ತಿಳುವಳಿಕೆಯಿದೆ. ತಿಂಗಳ ಮಧ್ಯದಲ್ಲಿ ವಾಸನೆಯಿಲ್ಲದ ತೆಳು ಸ್ರಾವ ಸಹಜ. ಅದರಿಂದ ಶಕ್ತಿ ಸೋರಿ ಹೋಗುವುದಿಲ್ಲ. ಸ್ರಾವ ಮೊಸರಿನಂತಿದ್ದು ತುರಿಕೆಯಿದ್ದರೆ, ಹಳದಿ ಅಥವಾ ಹಸಿರಾಗಿದ್ದರೆ, ದುರ್ವಾಸನೆಯಿದ್ದರೆ, ರಕ್ತ ಬೆರೆತಿದ್ದರೆ ಚಿಕಿತ್ಸೆ ಬೇಕು. ಕೆಲವು ಸೋಂಕುಗಳಲ್ಲಿ ಪತಿಯೂ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ.

“ಈ ವಯಸ್ಸಿನಲ್ಲಿ ಹಾಗೆಯೇ”

ನಲವತ್ತು ದಾಟಿದವರಿಗೆ ಮುಟ್ಟಿನಲ್ಲಿ ಏರುಪೇರಾದರೆ ಸುತ್ತಲಿನವರು ಸಮಾಧಾನ ಹೇಳುತ್ತಾರೆ: “ನಿಲ್ಲುವ ವಯಸ್ಸಲ್ಲವೇ, ಹಾಗೆಯೇ ಆಗುವುದು.” ಅಂತರ ಹೆಚ್ಚಾಗುವುದು, ಸ್ರಾವ ಕಡಿಮೆಯಾಗುವುದು ಆ ವಯಸ್ಸಿಗೆ ಸಹಜ. ಆದರೆ ಏಳು ದಿನಕ್ಕಿಂತ ಹೆಚ್ಚು ಹೋಗುವುದು, ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುವುದು, ದೊಡ್ಡ ಹೆಪ್ಪುಗಳು ಬೀಳುವುದು ಯಾವ ವಯಸ್ಸಿಗೂ ಸಹಜವಲ್ಲ.

ಮುಟ್ಟು ನಿಂತು ಒಂದು ವರ್ಷ ಕಳೆದ ಬಳಿಕ ಒಂದು ಹನಿ ರಕ್ತ ಕಂಡರೂ ಅದೇ ವಾರ ಸ್ತ್ರೀರೋಗ ತಜ್ಞೆಯನ್ನು ಕಾಣಬೇಕು. ಹೆಚ್ಚಿನ ಸಲ ಕಾರಣ ಸಣ್ಣದಿರುತ್ತದೆ. ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಇದೇ ಆಗಿರುತ್ತದೆ. ದಾಂಪತ್ಯ ಸಂಪರ್ಕದ ನಂತರ ರಕ್ತ ಕಾಣುವುದು ಗರ್ಭಕೊರಳಿನ ತೊಂದರೆಯ ಸೂಚನೆಯಾಗಿರಬಹುದು. ಇದನ್ನು ಹೇಳಿಕೊಳ್ಳಲು ನಾಚಿ ವರ್ಷ ಕಳೆದವರು ಆಸ್ಪತ್ರೆಗೆ ಬರುವಾಗ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ. ಗರ್ಭಕೊರಳಿನ ಕ್ಯಾನ್ಸರನ್ನು ಪರೀಕ್ಷೆಯಿಂದ ಮೊದಲೇ ಗುರುತಿಸಬಹುದು. ಹೆಣ್ಣುಮಕ್ಕಳಿಗೆ ಸಣ್ಣ ವಯಸ್ಸಿನಲ್ಲೇ ಲಸಿಕೆ ಹಾಕಿಸಿ ಬಹುಮಟ್ಟಿಗೆ ತಡೆಯಲೂಬಹುದು.

ಇನ್ನು ಎದೆಯ ಗಂಟು. “ನೋವಿಲ್ಲ, ಹಾಗಾಗಿ ತೊಂದರೆಯಿಲ್ಲ” ಎಂದು ಬಹುತೇಕ ಮಹಿಳೆಯರು ಭಾವಿಸುತ್ತಾರೆ. ವಾಸ್ತವದಲ್ಲಿ ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ನೋಯುವುದೇ ಅಪರೂಪ. ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ ಎಂಬುದೂ ಅಷ್ಟೇ ನಿಜ. ಯಾವುದು ಏನು ಎಂದು ಮನೆಯಲ್ಲಿ ಕುಳಿತು ಹೇಳಲಾಗದು. ಮುಟ್ಟು ಮುಗಿದ ಕೆಲವು ದಿನಗಳಲ್ಲಿ, ಸ್ನಾನ ಮಾಡುವಾಗ ಸೋಪಿನ ಕೈಯಿಂದಲೇ ಎರಡೂ ಬದಿ ಮತ್ತು ಕಂಕುಳು ಮುಟ್ಟಿ ನೋಡಿಕೊಳ್ಳಿ. ಹೊಸ ಗಂಟು, ಚರ್ಮದಲ್ಲಿ ಕುಳಿ, ಒಳಕ್ಕೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತದಂತಹ ದ್ರವ ಕಂಡರೆ ತಡ ಮಾಡಬೇಡಿ. ಬೇಗ ಬಂದವರು ಗುಣವಾಗುತ್ತಾರೆ. 30 ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಸರಕಾರಿ ಆರೋಗ್ಯ ಕಾರ್ಯಕ್ರಮದಲ್ಲೇ ಇದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಯಾವಾಗ ಎಂದು ತಿಳಿಸುತ್ತಾರೆ.

ಎಲೆ ಅಡಿಕೆ, ಹೊಗೆಸೊಪ್ಪು ಹಾಕುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಆಗಾಗ ಅವರ ಬಾಯಿಯೊಳಗೆ ಟಾರ್ಚ್ ಹಿಡಿದು ನೋಡಿ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು.

“ಗ್ಯಾಸ್ ಇರಬೇಕು”

ಹೃದಯಾಘಾತವೆಂದರೆ ಗಂಡಸರ ಕಾಯಿಲೆ, ಎದೆ ಹಿಡಿದುಕೊಂಡು ಕುಸಿದು ಬೀಳುವುದು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಮಹಿಳೆಯರಲ್ಲೂ ಎದೆಯ ಬಿಗಿತವೇ ಮುಖ್ಯ ಲಕ್ಷಣ. ಆದರೆ ಹಲವರಿಗೆ ಅದರ ಜೊತೆಗೆ ಅಥವಾ ಅದಿಲ್ಲದೆಯೂ ದವಡೆ, ಕುತ್ತಿಗೆ, ಬೆನ್ನು, ಮೇಲು ಹೊಟ್ಟೆಯಲ್ಲಿ ನೋವು, ವಾಕರಿಕೆ, ತಣ್ಣನೆಯ ಬೆವರು, ಉಸಿರಾಟದ ಕಷ್ಟ, ಹಿಂದೆಂದೂ ಕಾಣದ ನಿಶ್ಶಕ್ತಿ ಬರುತ್ತದೆ. ಇದನ್ನು ಗ್ಯಾಸ್ ಎಂದು ತಿಳಿದು ಜೀರಿಗೆ ಕಷಾಯ, ಸೋಡಾ ಕುಡಿಸಿ ಮಲಗಿಸುವುದರಲ್ಲಿ ಅಮೂಲ್ಯ ಗಂಟೆಗಳು ಕಳೆದು ಹೋಗುತ್ತವೆ.

ಗ್ಯಾಸಿನ ನೋವು ಸಾಮಾನ್ಯವಾಗಿ ತೇಗು ಬಂದರೆ, ಮಗ್ಗುಲು ಬದಲಿಸಿದರೆ ಹಗುರವಾಗುತ್ತದೆ. ನಡೆದಾಗ ಹೆಚ್ಚಾಗಿ, ಕುಳಿತಾಗ ಕಡಿಮೆಯಾಗುವ ಬಿಗಿತ ಹೃದಯದ್ದಾಗಿರಬಹುದು. ಆದರೂ ನೀವೇ ತೀರ್ಮಾನಿಸಬೇಡಿ. ಹತ್ತು ಹದಿನೈದು ನಿಮಿಷದಲ್ಲಿ ಹೋಗದ ಬಿಗಿತ, ಬೆವರಿನ ಜೊತೆಗಿನ ನೋವು ಇದ್ದರೆ, ಅದರಲ್ಲೂ ಬಿಪಿ, ಸಕ್ಕರೆ ಇರುವವರಾದರೆ ತಕ್ಷಣ 108ಕ್ಕೆ ಕರೆ ಮಾಡಿ. ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಗ್ಯಾಸ್ ಎಂದೇ ತಿಳಿದುಬಂದರೆ ನಗುತ್ತಾ ಮನೆಗೆ ಮರಳಬಹುದು.

ಮುಖ ಒಂದು ಬದಿಗೆ ವಾಲುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ಲಕ್ಷಣ ಆರಂಭವಾದಾಗಿನಿಂದ ನಾಲ್ಕೂವರೆ ಗಂಟೆ ಮಾತ್ರ. ತಿಕ್ಕಿಸಲು, ಎಣ್ಣೆ ಹಚ್ಚಿಸಲು ಕರೆದೊಯ್ದರೆ ಆ ಸಮಯ ಅಲ್ಲಿಯೇ ಮುಗಿಯುತ್ತದೆ.

“ಜ್ವರ ಬಿಟ್ಟಿತು, ಇನ್ನು ಹೆದರಿಕೆಯಿಲ್ಲ”

ಸಾಮಾನ್ಯ ಶೀತ ಜ್ವರಕ್ಕೆ ವಿಶ್ರಾಂತಿ, ಗಂಜಿ, ಪಾರಾಸಿಟಮಾಲ್ ಸಾಕು. ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ರಕ್ತ ಪರೀಕ್ಷೆ ಬೇಕು. ಕರಾವಳಿಯ ಮಳೆಗಾಲದಲ್ಲಿ ಮಲೇರಿಯಾ, ಇಲಿಜ್ವರ, ಡೆಂಗಿ ಮೂರೂ ಬರುತ್ತವೆ. 2024ರಲ್ಲಿ ಡೆಂಗಿ ಹೆಚ್ಚಾದಾಗ ರಾಜ್ಯ ಸರಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು.

ಡೆಂಗಿಯಲ್ಲಿ ಒಂದು ವಿಷಯ ಎಲ್ಲ ತಾಯಂದಿರಿಗೂ ತಿಳಿದಿರಬೇಕು. ಅಪಾಯ ಹೆಚ್ಚಾಗಿ ಬರುವುದು ಜ್ವರ ಏರಿದಾಗಲ್ಲ, ಮೂರರಿಂದ ಏಳನೆಯ ದಿನದೊಳಗೆ ಜ್ವರ ಇಳಿದಾಗ. ಮೈ ತಣ್ಣಗಾಯಿತೆಂದು ನಾವು ನಿಶ್ಚಿಂತರಾಗುವ ಹೊತ್ತಿನಲ್ಲೇ ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಮಂಕು, ಮೂತ್ರ ಕಡಿಮೆಯಾಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಡೆಂಗಿಯ ಸಂಶಯವಿದ್ದಾಗ ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆ ಕೊಡಬಾರದು. ಅವು ರಕ್ತಸ್ರಾವ ಹೆಚ್ಚಿಸುತ್ತವೆ.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯಕ್ಕೆ ಪರೀಕ್ಷೆಯೂ ಔಷಧಿಯೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮದುವೆಯಾಗದ ಮಗಳಿಗೆ ಕ್ಷಯವೆಂದು ತಿಳಿದರೆ ಸಂಬಂಧ ಬರುವುದಿಲ್ಲವೆಂದು ಮುಚ್ಚಿಡುವ ಹೆತ್ತವರಿದ್ದಾರೆ. ಪೂರ್ತಿ ಔಷಧಿ ತೆಗೆದುಕೊಂಡರೆ ಗುಣವಾಗುವ ಕಾಯಿಲೆಯನ್ನು ಮುಚ್ಚಿಟ್ಟು ಬೆಳೆಸುವುದು ಮಗಳಿಗೆ ಮಾಡುವ ಅನ್ಯಾಯ.

ಬಸುರಿ, ಬಾಣಂತಿಯರ ವಿಷಯದಲ್ಲಿ

ಗರ್ಭಿಣಿಗೆ ಕಾಲು ಸ್ವಲ್ಪ ಊದುವುದು ಸಾಮಾನ್ಯ. ಮುಖ, ಕೈ ಊದಿ, ತಲೆ ಸಿಡಿಯುತ್ತಿದ್ದರೆ, ಕಣ್ಣು ಮಂಜಾದರೆ, ಮೇಲು ಹೊಟ್ಟೆ ನೋಯುತ್ತಿದ್ದರೆ ರಕ್ತದೊತ್ತಡ ಅಪಾಯಕ್ಕೆ ಏರಿರಬಹುದು. ಮಗುವಿನ ಅಲುಗಾಟ ಕಡಿಮೆಯಾದರೆ, ನೀರು ಹೋದರೆ, ರಕ್ತ ಕಂಡರೆ ನಾಳೆಗೆ ಇಡಬೇಡಿ. ಬಾಣಂತನದ ನಲವತ್ತು ದಿನಗಳಲ್ಲಿ ಜ್ವರ, ದುರ್ವಾಸನೆಯ ಸ್ರಾವ, ಹೆಚ್ಚು ರಕ್ತಸ್ರಾವ, ಒಂದು ಕಾಲು ಮಾತ್ರ ಊದಿ ನೋಯುವುದು ಇದ್ದರೆ “ಬಾಣಂತಿ ಹೊರಗೆ ಹೋಗಬಾರದು” ಎಂಬ ಮಾತು ಆಸ್ಪತ್ರೆಗೆ ಅನ್ವಯಿಸದು.

ಹೆರಿಗೆಯ ಮೊದಲ ವಾರ ಕಾರಣವಿಲ್ಲದೆ ಅಳು ಬರುವುದು ಹಲವರಿಗೆ ಆಗುತ್ತದೆ. ಎರಡು ವಾರ ಕಳೆದರೂ ಬೇಸರ ಹೋಗದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, ಬದುಕೇ ಬೇಡವೆನಿಸಿದರೆ ಅದು ಕಾಯಿಲೆ. ಅಹಂಕಾರವೂ ಅಲ್ಲ, ಈಮಾನಿನ ಕೊರತೆಯೂ ಅಲ್ಲ. ಕೊನೆಯ ಲಕ್ಷಣ ಕಂಡರೆ ಆಕೆಯನ್ನು ಒಬ್ಬಳೇ ಬಿಡಬೇಡಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. 14416ಕ್ಕೆ ಕರೆ ಮಾಡಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಉಚಿತ ಸಲಹೆ ಸಿಗುತ್ತದೆ.

ರಮಝಾನ್ ಬರುವ ಮೊದಲು

ರೋಗಿಗಳಿಗೆ ಉಪವಾಸದಲ್ಲಿ ವಿನಾಯಿತಿ ಇದೆಯೆಂದು ನಮಗೆಲ್ಲ ಗೊತ್ತು. ಆದರೂ ಸಕ್ಕರೆ ಕಾಯಿಲೆಯ ಮಹಿಳೆಯರು ಯಾರಿಗೂ ಹೇಳದೆ ಉಪವಾಸ ಹಿಡಿದು, ಮಾತ್ರೆಯ ಹೊತ್ತನ್ನು ತಾವೇ ಬದಲಿಸಿಕೊಳ್ಳುತ್ತಾರೆ. ರಮಝಾನಿಗೆ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಉಪವಾಸ ಹಿಡಿಯಬಹುದೇ, ಔಷಧಿಯ ಪ್ರಮಾಣ ಹೇಗೆ ಎಂದು ಕೇಳಿ. ಉಪವಾಸದಲ್ಲಿ ಮೈ ನಡುಗಿ, ಬೆವತು, ತಲೆ ತಿರುಗಿ, ಕಣ್ಣು ಕತ್ತಲಾದರೆ ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ತೊರೆಯಬೇಕೆಂಬುದು ವೈದ್ಯರ ಸ್ಪಷ್ಟ ಸಲಹೆ. ಇಫ್ತಾರಿಗೆ ಹತ್ತೇ ನಿಮಿಷ ಉಳಿದಿದ್ದರೂ ಕಾಯಬಾರದು.

ವೈದ್ಯರ ಮುಂದೆ

ಆಸ್ಪತ್ರೆಗೆ ಹೋದ ಮೇಲೂ ಹಲವರು ಅರ್ಧ ಮಾತ್ರ ಹೇಳಿ ಬರುತ್ತಾರೆ. ಪುರುಷ ವೈದ್ಯರ ಮುಂದೆ ಸಂಕೋಚವೆನಿಸಿದರೆ ವೈದ್ಯೆಯನ್ನು ಕೇಳಿ ಪಡೆಯಿರಿ. ವೈದ್ಯೆ ಸಿಗಲಿಲ್ಲವೆಂದು ಚಿಕಿತ್ಸೆಯನ್ನೇ ಬಿಡಬೇಡಿ. ನರ್ಸ್ ಅಥವಾ ಮನೆಯವರು ಜೊತೆಗಿರಲಿ ಎಂದು ಕೇಳುವ ಹಕ್ಕು ನಿಮಗಿದೆ. ತೊಂದರೆ ಯಾವಾಗ ಶುರುವಾಯಿತು, ಕೊನೆಯ ಮುಟ್ಟು ಯಾವ ದಿನ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾಟಿ ಮದ್ದು ತೆಗೆದುಕೊಂಡಿದ್ದರೆ ಅದನ್ನೂ ಮುಚ್ಚಿಡಬೇಡಿ. ಹಳೆಯ ಪರೀಕ್ಷಾ ವರದಿಗಳನ್ನು ಒಂದು ಫೈಲಿನಲ್ಲಿ ಜೋಡಿಸಿಡಿ. ನಿಮ್ಮ ಪರವಾಗಿ ಪತಿಯೋ ಅತ್ತೆಯೋ ಮಾತಾಡುವುದಕ್ಕಿಂತ ನೋವು ಅನುಭವಿಸುವ ನೀವೇ ಹೇಳುವುದು ಉತ್ತಮ.

ಮನೆಯ ಗಂಡಸರಿಗೂ ಒಂದು ಮಾತು. ಈ ಪುಟವನ್ನು ಪತ್ನಿ ಓದಿ ಮುಗಿಸಿದ ಬಳಿಕ ನೀವೂ ಓದಿ. ಅವಳು “ಏನಿಲ್ಲ” ಎಂದಾಗ ಅಲ್ಲಿಗೇ ಬಿಡದೆ ಇನ್ನೊಮ್ಮೆ ಕೇಳಿ. ಆಸ್ಪತ್ರೆಗೆ ಹೋಗುವ ದಿನ ಮಕ್ಕಳನ್ನು ಯಾರು ನೋಡಿಕೊಳ್ಳುವುದು, ಅಡುಗೆ ಯಾರು ಮಾಡುವುದು ಎಂಬ ಚಿಂತೆಯಿಂದಲೇ ಎಷ್ಟೋ ಮಂದಿ ಹೋಗುವುದಿಲ್ಲ. ಆ ಒಂದು ದಿನದ ಭಾರವನ್ನು ನೀವು ಹೊತ್ತರೆ ಸಾಕು.

ಅಡುಗೆ ಕೋಣೆಯ ಗೋಡೆಗೆ ಅಂಟಿಸಿಡಿ

ಈ ಗಳಿಗೆಯಲ್ಲೇ ಹೊರಡಿ, 108: ಎದೆಯ ಬಿಗಿತ, ತಣ್ಣನೆಯ ಬೆವರು, ಮುಖ ವಾಲುವುದು, ಕೈ ಬಲಹೀನವಾಗುವುದು, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು, ಅಪಸ್ಮಾರ, ಉಸಿರಾಡಲು ಕಷ್ಟ, ಗರ್ಭಿಣಿಗೆ ರಕ್ತಸ್ರಾವ ಅಥವಾ ತಲೆ ಸಿಡಿತದ ಜೊತೆ ಕಣ್ಣು ಮಂಜು, ಮುಟ್ಟು ತಪ್ಪಿದವರಿಗೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆಸುತ್ತು.

ಇಂದೇ ಹೋಗಿ: ಉರಿಮೂತ್ರದ ಜೊತೆ ಚಳಿ ಜ್ವರ, ಬಾಣಂತಿಗೆ ಜ್ವರ, ಜ್ವರ ಇಳಿದ ಮೇಲೆ ಹೊಟ್ಟೆನೋವು, ವಾಂತಿ, ಗಂಟೆಗೊಂದು ಪ್ಯಾಡ್ ಒದ್ದೆಯಾಗುವಷ್ಟು ಸ್ರಾವ.

ಈ ವಾರದೊಳಗೆ ಹೋಗಿ: ಎದೆಯಲ್ಲಿ ಹೊಸ ಗಂಟು, ಮುಟ್ಟು ನಿಂತ ಮೇಲೆ ರಕ್ತ, ಎರಡು ವಾರದ ಕೆಮ್ಮು, ಮಾಯದ ಬಾಯಿ ಹುಣ್ಣು, ವಾರಗಟ್ಟಲೆ ಹೋಗದ ಸುಸ್ತು, ಕಾರಣವಿಲ್ಲದೆ ತೂಕ ಇಳಿಯುವುದು.

ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ: 30 ದಾಟಿದವರು ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಬಿಪಿ 140/90 ದಾಟಿದರೂ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಅಳೆದು ನೋಡದೆ ಅದು ತಿಳಿಯುವುದಿಲ್ಲ.

ಆರೋಗ್ಯವು ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ತು. ಮನೆಯವರೆಲ್ಲರ ಆರೋಗ್ಯವನ್ನು ಕಾಯುವ ನೀವು ನಿಮ್ಮ ಪಾಲಿನ ಅಮಾನತ್ತನ್ನೂ ಅಷ್ಟೇ ಜೋಪಾನವಾಗಿ ಕಾಯಬೇಕು. ಮುಂದೂಡಿದ ಪರೀಕ್ಷೆಯೊಂದು ನಿಮ್ಮ ಮನಸ್ಸಿನಲ್ಲಿದ್ದರೆ, ಈ ವಾರವೇ ಅದಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ.